ಹೆಸರಿಲ್ಲದ ಸ್ಪೂಲು

ಬಾಂಬೆ ಹತ್ತಿರದ ವಾಶಿಯಲ್ಲಿ ಹಳೆಯ ರೆಕಾರ್ಡು, ಟೇಪುಗಳನ್ನು ಕಂಪ್ಯೂಟರಿಗೆ ಏರಿಸುವ ಆಫೀಸೊಂದು ಶುರುವಾಗಿದೆಯಂತೆ. ಅಲ್ಲಿ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಸಾನಪಾಡಾದ ನನ್ನ ಮನೆ ಹುಡುಕಿಕೊಂಡು ಬಂದು, "ಆಂಟಿ, ನಿಮ್ಮ ಕಾಲದಲ್ಲಿ ಈ ಕೆಲಸ ಹೇಗಿತ್ತು ಅಂತ ಬರೆದುಕೊಡ್ತೀರಾ?" ಎಂದು ಕೇಳಿದರು. ಒಬ್ಬಳಿಗೆ ಕನ್ನಡ ಓದಲು ಬರುತ್ತದೆ. ಇನ್ನೊಬ್ಬಳಿಗೆ ಅವಳು ಓದಿ ಹೇಳುತ್ತಾಳಂತೆ. ಮಂಡಿನೋವಿನಿಂದ ಹೇಗೂ ಮನೆಯಲ್ಲೇ ಕುಳಿತಿದ್ದೇನೆ, ಆಗಲಿ ಎಂದೆ.

ಮೊದಲೇ ಹೇಳಿಬಿಡುತ್ತೇನೆ. ಸಂಗೀತವೆಂದರೆ ಪ್ರಾಣ ಎನ್ನುವವರು ಈ ಕೆಲಸಕ್ಕೆ ಬರಬೇಡಿ. ಒಂದೇ ಹಾಡನ್ನು ಹತ್ತು ಜನರಿಗೆ ಹತ್ತು ಸಲ ತುಂಬಿಸಿಕೊಟ್ಟು ಮನೆಗೆ ಹೋದಾಗ ಪಕ್ಕದ ಮನೆಯ ರೇಡಿಯೋ ಕೂಡ ಸಾಕಪ್ಪಾ ಸಾಕು ಎನಿಸುತ್ತದೆ. ನನಗೆ ಇವತ್ತಿಗೂ ಮನೆಯಲ್ಲಿ ಹಾಡು ಹಾಕುವ ಅಭ್ಯಾಸವಿಲ್ಲ. ಬಂದವರು, "ನಿಮ್ಮ ಮನೆಯಲ್ಲಿ ಯಾವಾಗಲೂ ಸಂಗೀತ ಇರುತ್ತದೆ ಅಂದುಕೊಂಡಿದ್ದೆವು" ಎನ್ನುತ್ತಾರೆ. ಮಿಠಾಯಿ ಅಂಗಡಿಯವನು ಮನೆಗೆ ಹೋಗಿ ಜಿಲೇಬಿ ತಿನ್ನುತ್ತಾನೆಯೇ ಎಂದು ನಾನು ಕೇಳುತ್ತೇನೆ.

ನಾನು ಧಾರವಾಡದ ಕಡೆಯವಳು. ಅಣ್ಣನಿಗೆ ಬಾಂಬೆಯಲ್ಲಿ ನೌಕರಿ ಸಿಕ್ಕಿದ್ದರಿಂದ ಎಪ್ಪತ್ತರ ದಶಕದ ಆರಂಭದಲ್ಲಿ ಅವನ ಸಂಸಾರದ ಜೊತೆ ಡೊಂಬಿವಲಿಗೆ ಬಂದೆ. ಬಿ.ಎ. ಆಗಿತ್ತು, ಮದುವೆ ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ಸ್ಟೇಷನ್ ಹತ್ತಿರ ಉಡುಪಿ ಕಡೆಯ ಉಪಾಧ್ಯರ ಹೋಟೆಲು ಇತ್ತು. ಅದರ ಪಕ್ಕದಲ್ಲಿ ಮೊದಲು ಮಿಠಾಯಿ ಮಾರುತ್ತಿದ್ದ ಸಣ್ಣ ಮಳಿಗೆಯನ್ನು ಅವರು ರೆಕಾರ್ಡು ಅಂಗಡಿ ಮಾಡಿದ್ದರು. ಗಾಜಿನ ಕಪಾಟಿನಲ್ಲಿ ಮೈಸೂರುಪಾಕು ಇದ್ದ ಕಡೆ ಗ್ರಾಮೊಫೋನ್ ರೆಕಾರ್ಡುಗಳು ನಿಂತಿದ್ದವು. ಮಳೆಗಾಲದಲ್ಲಿ ಆ ಕಪಾಟಿನೊಳಗಿಂದ ಏಲಕ್ಕಿ ವಾಸನೆ ಬರುತ್ತಿತ್ತು, ಇರುವೆಗಳಂತೂ ವರ್ಷಗಟ್ಟಲೆ ಜಾಗ ಬಿಡಲಿಲ್ಲ.

ಉಪಾಧ್ಯರಿಗೆ ಸಂಗೀತ ಗೊತ್ತಿರಲಿಲ್ಲ, ಗಿರಾಕಿ ಗೊತ್ತಿತ್ತು. ನನ್ನನ್ನು ಕೆಲಸಕ್ಕೆ ಇಟ್ಟುಕೊಂಡ ದಿನವೇ ಹೇಳಿದರು: "ನೋಡು ಸುಮಿತ್ರಾ, ಹಾಡಿದ್ದು ಯಾರು ಹೇಳಿ ತಲೆ ಕೆಡಿಸ್ಕೊಳ್ಳುದು ಬೇಡ. ಕೊಳ್ಳುದು ಯಾರು, ಅಷ್ಟು ನೋಡಿದ್ರೆ ಸಾಕು."

ಹೆಸರಾಂತ ಗಾಯಕರ ರೆಕಾರ್ಡುಗಳು ಎಲ್ಲ ಅಂಗಡಿಗಳಲ್ಲೂ ಇರುತ್ತಿದ್ದವು. ನಮ್ಮಲ್ಲಿ ಓಡಿದ್ದು ಯಾರೂ ಕೇಳದವರ ಹಾಡು. ಎಲ್ಲೋ ಒಂದೆರಡು ರೆಕಾರ್ಡು ಕೊಟ್ಟು ಸುಮ್ಮನಾದವರು, ನಾಟಕ ಕಂಪನಿಯಲ್ಲಿದ್ದವರು, ಮದುವೆಯಾದ ಮೇಲೆ ಹಾಡು ಬಿಟ್ಟ ಹೆಂಗಸರು, ಸಂಸ್ಥಾನಗಳು ಹೋದ ಮೇಲೆ ಕೇಳುವವರಿಲ್ಲದೆ ಹೋದ ಉಸ್ತಾದರು. ಇಂಥವರ ರೆಕಾರ್ಡುಗಳನ್ನು ಬಾಂಬೆಯ ಗುಜರಿಯವರ ಹತ್ತಿರ ರಾಶಿಯಲ್ಲಿ ಆರಿಸಿ ತರುವುದು ನನ್ನ ಕೆಲಸ. ಲೇಬಲ್ ಹರಿದಿರುತ್ತಿತ್ತು, ಹೆಸರು ಅಳಿಸಿರುತ್ತಿತ್ತು. ಗುಜರಿಯಲ್ಲಿ ಹಚ್ಚಿ ಕೇಳಲು ಆಗುವುದಿಲ್ಲ. ಬೆಳಕಿಗೆ ಹಿಡಿದು ಗೆರೆ ಎಷ್ಟು ಸವೆದಿದೆ ನೋಡಬೇಕು. ತುಂಬ ಸವೆದಿದ್ದರೆ ಜನ ಬಹಳ ಕೇಳಿದ ಹಾಡು, ಬೇಡ. ಹೊಳಪು ಉಳಿದಿದ್ದರೆ ಯಾರಿಗೂ ಬೇಡವಾಗಿದ್ದ ಹಾಡು, ಅದನ್ನೇ ತರಬೇಕು. ಈ ಉಲ್ಟಾ ಲೆಕ್ಕಾಚಾರ ನನಗೆ ಒಂದು ವರ್ಷದಲ್ಲಿ ಕೈಹತ್ತಿತು.

ತರುವುದೇ ದೊಡ್ಡ ತಲೆನೋವು. ಲೋಕಲ್ ರೈಲಿನ ಲೇಡೀಸ್ ಡಬ್ಬದಲ್ಲಿ ಸೀಟು ಸಿಕ್ಕಿದರೆ ಪುಣ್ಯ. ಒಮ್ಮೆ ಸಿಕ್ಕಿತು. ರೆಕಾರ್ಡಿನ ಪೊಟ್ಟಣವನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದೆ. ಕಳವಾ ಸ್ಟೇಷನ್ ಹತ್ತಿರ ಬರುತ್ತಿದ್ದಂತೆ ಎದುರಿಗೆ ನಿಂತಿದ್ದ ಹೆಂಗಸು, "ಜರಾ ಪಕಡೋ" ಎಂದು ತನ್ನ ದುಂಡನೆಯ ಮಗುವನ್ನು ಆ ಪೊಟ್ಟಣದ ಮೇಲೆಯೇ ಕೂರಿಸಿಬಿಟ್ಟಳು. ಒಳಗೆ ಟಕ್ ಎಂದಿತು. ಮಗು ಖುಷಿಯಿಂದ ನಕ್ಕಿತು. ಒಂದು ಅಪರೂಪದ ರೆಕಾರ್ಡು ಅಂಚಿನಿಂದ ನಡುವಿನವರೆಗೆ ಸೀಳಿತ್ತು. ಹಚ್ಚಿದರೆ ಪ್ರತಿ ಸುತ್ತಿಗೂ ಟಕ್ ಎನ್ನುತ್ತಿತ್ತು. ಅದೇ ಕಳವಾ ಊರಿನ ರೈಲ್ವೆ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ ಗಿರಾಕಿಯೊಬ್ಬ ಅದನ್ನು ಹಾಗೆಯೇ ಒಯ್ದ. "ನಮ್ಮ ರೂಮಿನ ಪಕ್ಕದಲ್ಲಿ ದಿನವಿಡೀ ರೈಲು ಹೋಗುತ್ತದೆ ಬಾಯೀ, ಈ ಟಕ್ ನನಗೆ ಯಾವ ಲೆಕ್ಕ" ಎಂದ.

ಇನ್ನೊಂದು ಅನಾಹುತವನ್ನು ನೀವು ನೆನಪಿಡಿ. ಹೋಟೆಲನ್ನು ಉಪಾಧ್ಯರ ತಮ್ಮ ನೋಡಿಕೊಳ್ಳುತ್ತಿದ್ದರು. ಒಂದು ದಿನ ನಾನು ಊಟಕ್ಕೆ ಹೋಗಿದ್ದಾಗ ಸಹಾಯ ಮಾಡುವ ಉಮೇದಿನಲ್ಲಿ ಧೂಳು ಹಿಡಿದ ಹಳೆಯ ರೆಕಾರ್ಡುಗಳನ್ನು ಸ್ಪಿರಿಟ್ ಹಾಕಿ ಒರೆಸಿದರು. ಆ ಕಾಲದ ರೆಕಾರ್ಡುಗಳು ಅರಗಿನವು, ಸ್ಪಿರಿಟ್ ತಗುಲಿದರೆ ಕರಗುತ್ತವೆ. ನಾನು ಬಂದು ನೋಡಿದರೆ ಹೊಳೆಯುವ ಕಪ್ಪು ತಟ್ಟೆಗಳು, ಮೇಲೆ ಒಂದು ಗೆರೆ ಇಲ್ಲ. "ಎಷ್ಟು ಕ್ಲೀನ್ ಆಯ್ತು ನೋಡಿ!" ಎಂದು ಅವರು ಹೆಮ್ಮೆಯಿಂದ ಹೇಳಿದರು. ಉಪಾಧ್ಯರು ಎಂತಹ ಸಿಟ್ಟಿನ ಮನುಷ್ಯನೆಂದರೆ, ತಮ್ಮನ ಜೊತೆ ಮಾತು ಬಿಟ್ಟು, ಪಕ್ಕದಲ್ಲೇ ಇದ್ದ ಸ್ವಂತ ಹೋಟೆಲಿನಿಂದ ಚಹಾ ತರಿಸುವುದನ್ನೂ ನಿಲ್ಲಿಸಿದರು. ನಾನು ರಸ್ತೆ ದಾಟಿ ಎದುರಿನ ಇರಾನಿ ಹೋಟೆಲಿನಿಂದ ತರಬೇಕಾಯಿತು. ಆ ಕಾಲದ ರೆಕಾರ್ಡಿಗೆ ಅಂಟುವಾಳದ ನೀರು, ಮೆತ್ತನೆಯ ಬಟ್ಟೆ, ಅಷ್ಟೇ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಕ್ಯಾಸೆಟ್ಟು ಬಂತು. ಗಲ್ಫಿನಿಂದ ಬಂದವರ ಕೈಯಲ್ಲೆಲ್ಲ ಟೇಪ್‌ರೆಕಾರ್ಡರ್. ಉಪಾಧ್ಯರು ಎರಡು ಮೆಷಿನ್ನು ತರಿಸಿ ಹೊರಗೆ ಬೋರ್ಡು ಹಾಕಿದರು. ರೆಕಾರ್ಡು ತನ್ನಿ, ಸ್ಪೂಲ್ ಟೇಪು ತನ್ನಿ, ಕ್ಯಾಸೆಟ್ಟಿಗೆ ತುಂಬಿಸಿಕೊಡುತ್ತೇವೆ. ಸ್ಪೂಲೆಂದರೆ ಕ್ಯಾಸೆಟ್ಟಿಗಿಂತ ಮುಂಚಿನ, ಬಿಡಿ ಚಕ್ರಕ್ಕೆ ಸುತ್ತಿದ ಟೇಪು. ಅಂದಿನಿಂದ ನನ್ನ ಕಿವಿಗೆ ಬಿಡುವು ಸಿಗಲಿಲ್ಲ. ರೆಕಾರ್ಡು ಮಾರುವವಳು ಮಧ್ಯೆ ಮಧ್ಯೆ ಸುಮ್ಮನಿರಬಹುದು. ಕ್ಯಾಸೆಟ್ಟು ತುಂಬಿಸುವವಳು ಹೆಡ್‌ಫೋನ್ ಹಾಕಿಕೊಂಡು ಹಾಡು ಮುಗಿಯುವವರೆಗೆ ಕೂರಲೇಬೇಕು. ಒಂದು ಗಂಟೆಯ ಹಾಡಿಗೆ ಒಂದು ಗಂಟೆಯೇ ಬೇಕು, ಅವಸರ ಮಾಡಲು ಬರುವುದಿಲ್ಲ. ಸೊಂಟ ಹಿಡಿದುಕೊಂಡದ್ದು ಆಗಲೇ.

ಆಗ ಖಾಯಂ ಆಗಿ ಬರುತ್ತಿದ್ದವರು ಪ್ರಧಾನ್ ಸಾಹೇಬರು. ಹತ್ತಿರದ ಠಾಣೆ ಪಟ್ಟಣದಲ್ಲಿ ಬ್ಯಾಂಕ್ ಮ್ಯಾನೇಜರ್, ಒಳ್ಳೆಯ ಮನುಷ್ಯ, ಆದರೆ ಒಂದು ವಿಚಿತ್ರ ಚಟ. ಯಾರಿಗೂ ಗೊತ್ತಿಲ್ಲದ ಗಾಯಕರೇ ಬೇಕು. ತಾವು ಹುಡುಕಿದ ಹಾಡನ್ನು ಇನ್ನಿಬ್ಬರು ಹೊಗಳಿದರೆ ಅವರಿಗೆ ಅದರ ಮೇಲೆ ಆಸೆ ಹೊರಟುಹೋಗುತ್ತಿತ್ತು. "ಸುಮಿತ್ರಾಬಾಯಿ, ಹೊಸದು ಏನು?" ಎನ್ನುತ್ತಲೇ ಬರುತ್ತಿದ್ದರು. ಹೊಸದು ಎಂದರೆ ಹಳೆಯದು. ಡೊಂಬಿವಲಿ, ಠಾಣೆಯ ಸಂಗೀತದವರ ಬಾಯಿಗೆ ಒಂದು ಹಾಡು ಬೀಳಬೇಕಾದರೆ ಪ್ರಧಾನ್ ಸಾಹೇಬರು ಒಮ್ಮೆ "ವಾಹ್" ಎಂದರೆ ಸಾಕಿತ್ತು.

ಆ ಸ್ಪೂಲು ಬಂದದ್ದು ಅವರ ಮೂಲಕವೇ. ಠಾಣೆಯಲ್ಲಿ ಅವರಿಗೆ ಪರಿಚಯದ ವಕೀಲರೊಬ್ಬರು ತೀರಿಕೊಂಡಿದ್ದರು. ಹಿಂದೆ ಅವರ ಮನೆಯಲ್ಲಿ ಹಾಡಿನ ಬೈಠಕುಗಳು ನಡೆಯುತ್ತಿದ್ದವು. ಸೊಸೆ ಮನೆ ಖಾಲಿ ಮಾಡುವಾಗ ಒಂದು ಚೀಲ ಸ್ಪೂಲುಗಳನ್ನು ಪ್ರಧಾನ್ ಸಾಹೇಬರಿಗೆ ಕೊಟ್ಟರು, ಅವರು ನಮ್ಮಲ್ಲಿಗೆ ತಂದರು. ಹೆಚ್ಚಿನವು ಹಾಳಾಗಿದ್ದವು. ಒಂದರಲ್ಲಿ ಮಾತ್ರ ಹಾಡು ಚೆನ್ನಾಗಿ ಉಳಿದಿತ್ತು. ಡಬ್ಬಿಯ ಮೇಲೆ ಹೆಸರಿರಲಿಲ್ಲ.

ಬಿಹಾಗಡಾ ರಾಗ. ಅಂದಿನ ದಿನಗಳಲ್ಲಿ ಅದನ್ನು ಹಾಡುವವರು ಕಡಿಮೆ. ಹೆಣ್ಣುಮಗಳ ಎಳೆಯ, ತೆಳುವಾದ ದನಿ, ತಾನಗಳು ಪಟಪಟನೆ ಉದುರುತ್ತಿದ್ದವು. ಪ್ರಧಾನ್ ಸಾಹೇಬರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೂ ಕಣ್ಣು ತೆರೆಯಲಿಲ್ಲ. "ಹದಿನಾರು ವರ್ಷಕ್ಕಿಂತ ಹೆಚ್ಚಿನವಳಲ್ಲ" ಎಂದರು. "ಈ ವಯಸ್ಸಿಗೆ ಈ ತಯಾರಿ! ಇವಳು ಬದುಕಿದ್ದರೆ ನಮಗೆ ಹೆಸರು ಗೊತ್ತಿರುತ್ತಿತ್ತು. ಪಾಪ, ಬೇಗ ಹೋಗಿರಬೇಕು." ಅಷ್ಟು ಸಾಕಾಯಿತು. ಚಿಕ್ಕ ವಯಸ್ಸಿಗೆ ತೀರಿಕೊಂಡ ಹುಡುಗಿ ಎಂಬ ಕಥೆ ತಿಂಗಳೊಪ್ಪತ್ತಿನಲ್ಲಿ ಡೊಂಬಿವಲಿಯನ್ನೆಲ್ಲ ಸುತ್ತಿತು. ಜನ ಬಂದು, "ಆ ಠಾಣೆಯ ಹುಡುಗಿಯ ಕ್ಯಾಸೆಟ್ಟು ಕೊಡಿ" ಎನ್ನತೊಡಗಿದರು. ನಾನು ತುಂಬಿಸಿದ್ದೇ ತುಂಬಿಸಿದ್ದು. ಆ ಬಿಹಾಗಡಾ ಕೇಳಿ ಕೇಳಿ ಕೊನೆಗೆ ಹೆಡ್‌ಫೋನ್ ಕಿವಿಯಿಂದ ಸರಿಸಿ, ಮೆಷಿನ್ನಿನ ಮುಳ್ಳು ಮಾತ್ರ ನೋಡುತ್ತ ಕೂರುತ್ತಿದ್ದೆ.

ಹೀಗಿರುವಾಗ ಒಂದು ಮಧ್ಯಾಹ್ನ, ನೂಲಿನ ಇಳಕಲ್ ಸೀರೆ ಉಟ್ಟ ಹೆಂಗಸೊಬ್ಬರು ಅಂಗಡಿಗೆ ಬಂದರು. ಅರವತ್ತರ ಸುಮಾರು. ಕೈಯಲ್ಲಿ ನಮ್ಮ ಕ್ಯಾಸೆಟ್ಟು ಇತ್ತು. ನನ್ನ ಮಾತಿನ ಧಾಟಿ ಕೇಳಿ, "ನೀವು ನಮ್ಮ ಕಡೆಯವರೇನವಾ?" ಎಂದು ಕೇಳಿದರು. ಹೌದೆಂದೆ. ಎರಡು ಸ್ಟೇಷನ್ ಆಚೆಯ ಕಲ್ಯಾಣದಿಂದ ಬಂದಿದ್ದರು, ಹೆಸರು ತುಂಗಕ್ಕ. ಗಂಡ ರೈಲ್ವೆಯಲ್ಲಿದ್ದು ತೀರಿಕೊಂಡಿದ್ದರು, ಮಗನ ಮನೆಯಲ್ಲಿ ಇದ್ದರು.

"ಈ ಕ್ಯಾಸೆಟ್ಟಿನಾಗಿಂದು ನಾ ಹಾಡಿದ್ದು" ಎಂದರು. "ಆದ್ರ ಈ ದನಿ ನಂದಲ್ಲ."

ಗಲ್ಲಾದಲ್ಲಿದ್ದ ಉಪಾಧ್ಯರು ತಲೆ ಎತ್ತಿದರು. "ಹಾಡಿದ್ದು ನೀವು, ದನಿ ನಿಮ್ಮದಲ್ಲ. ಇದೆಂತ ಮಾತು ಅಮ್ಮಾ?"

"ನನಗೂ ಅದ ತಿಳೀವಲ್ದು. ಈ ಚೀಜಿನ ಪದಾ ನಂದು, ನಮ್ಮ ಗುರುಗಳು ಕಲಿಸಿದ್ದು. ಠಾಣೇದ ವಕೀಲರ ಮನ್ಯಾಗ ಹಾಡಿದ್ದೆ. ತಬಲಾದವ ಒಂದು ಕಡೆ ಹಾದಿ ತಪ್ಯಾನ, ನಾ ನಿಂತು ಅವನ್ನ ಕರಕೊಂಡು ಹೋಗೀನಿ, ಅದೂ ಇದರಾಗ ಐತಿ. ಆದ್ರ ದನಿ ಯಾವುದೋ ಸಣ್ಣ ಹುಡುಗೀದು."

"ಆ ಹುಡುಗಿ ತೀರಿಹೋಗಿ ಎಷ್ಟೋ ವರ್ಷ ಆಯ್ತಂತೆ" ಎಂದರು ಉಪಾಧ್ಯರು. ಈ ಕಥೆಯನ್ನು ಸ್ವತಃ ಅವರೂ ನಂಬಿದ್ದರು.

"ಯಾರು ತೀರಿದ್ದು? ನಾ ಇಲ್ಲೇ ನಿಂತೀನಲ್ರೀ."

ನಾನು ಅವರನ್ನು ಕೂರಿಸಿ ನೀರು ಕೊಟ್ಟೆ. ಅಂಗಡಿಯಲ್ಲಿ ಮಾರಾಟಕ್ಕೆ ಇಟ್ಟಿದ್ದ ಹಾರ್ಮೋನಿಯಂ ಇತ್ತು. ಅವರು ಕ್ಯಾಸೆಟ್ಟು ಹಚ್ಚಲು ಹೇಳಿ, ಆ ಹಾಡಿನ ಷಡ್ಜಕ್ಕೆ ಹೊಂದುವ ಕೀಲಿಯನ್ನು ಬೆರಳಿನಿಂದ ಹುಡುಕಿ ಒತ್ತಿದರು. "ನೋಡ್ರಿ, ಇದು ಕಪ್ಪು ನಾಕು. ನಾ ಜನ್ಮದಾಗ ಕಪ್ಪು ನಾಕರಿಂದ ಹಾಡಿಲ್ಲ. ನಂದು ಬಿಳಿ ನಾಕು." ನಿಮಗೆ ತಿಳಿಯಲೆಂದು ಹೇಳುತ್ತೇನೆ. ಹಾಡುವವರು ಹಾರ್ಮೋನಿಯಂನ ಯಾವ ಕೀಲಿಯನ್ನು ಷಡ್ಜವಾಗಿ ಹಿಡಿಯುತ್ತಾರೆ ಎಂಬುದು ಅವರ ದನಿಯ ಗುರುತು. ಹೆಂಗಸರು ಸಾಮಾನ್ಯವಾಗಿ ಕಪ್ಪು ನಾಲ್ಕು, ಕಪ್ಪು ಐದರಿಂದ, ಅಂದರೆ ನಾಲ್ಕನೆಯ ಇಲ್ಲವೆ ಐದನೆಯ ಕಪ್ಪು ಕೀಲಿಯಿಂದ ಹಾಡುತ್ತಾರೆ. ಬಿಳಿ ನಾಲ್ಕು ಬಹಳ ಕೆಳಗೆ. ಅಲ್ಲಿಂದ ಹಾಡುವ ಹೆಂಗಸಿನ ದನಿ ದಪ್ಪವಾಗಿ, ಭಾರವಾಗಿ ಇರುತ್ತದೆ.

ತುಂಗಕ್ಕ ಅದನ್ನು ಮುಚ್ಚಿಡಲಿಲ್ಲ. ಪ್ರಾಯದಲ್ಲಿ ರೇಡಿಯೋದವರು ಅವರನ್ನು ಪರೀಕ್ಷೆ ಮಾಡಿ, ದನಿ ಗಂಡಸರ ಹಾಗಿದೆ ಎಂದು ಬೇಡವೆಂದಿದ್ದರಂತೆ. ಅತ್ತೆಮನೆಯಲ್ಲಿ ಹಾಡಲು ಕುಳಿತರೆ ನಾದಿನಿಯರು, "ಯಾವ ಮಾಮಾ ಬಂದಾನ?" ಎಂದು ನಗುತ್ತಿದ್ದರಂತೆ. ಆ ಠಾಣೆಯ ವಕೀಲರ ಹೆಂಡತಿ ಒಬ್ಬರೇ ಕರೆದು ಹಾಡಿಸಿದರು. ಹೊರಗೆ ಹಾಡಿದ್ದು ಅದೇ ಕೊನೆ.

"ಅದೆಲ್ಲ ಆಗಿಹೋದ ಮಾತು ಬಿಡ್ರಿ" ಎಂದರು. "ನಾ ಬಂದಿದ್ದು ನನ್ನ ಸಲುವಾಗಿ ಅಲ್ಲ. ನನ್ನ ಮೊಮ್ಮಗಳು ಮಂಜೂಷಾ ಇಲ್ಲೇ ಡೊಂಬಿವಲಿ ಹಾಡಿನ ಕ್ಲಾಸಿಗೆ ಬರ್ತಾಳ. ಆಕಿದೂ ದಪ್ಪ ದನಿ. ಸರ್ ಆಕಿಗೆ ಈ ಕ್ಯಾಸೆಟ್ ಕೊಟ್ಟು, ಇದರ ಹಂಗ ಹಾಡು ಅಂದಾರ. ಕಪ್ಪು ನಾಕರಿಂದ. ಹುಡುಗಿ ಒದರಿ ಒದರಿ ಗಂಟಲಾ ಕಟ್ಟಿ ಕುಂತಾಳ. ಇದು ನಾ ಹಾಡಿದ್ದವ್ವಾ, ಇದು ಹಿಂಗಿಲ್ಲ ಅಂದ್ರ, ಮನ್ಯಾಗ ಎಲ್ಲಾರೂ ನಗತಾರ. ನನಗ ಹಾಡು ಬರತಿತ್ತು ಅಂತ ಮಗನಿಗೂ ಸರಿಯಾಗಿ ಗೊತ್ತಿಲ್ಲ. ನಂದಽ ಹಾಡು, ನನ್ನ ಮೊಮ್ಮಗಳ ಗಂಟಲಾ ಹಿಚಕಲಿಕ್ಕತ್ತೈತಿ. ನಾ ಹೆಂಗ ಸುಮ್ಮನ ಕುಂದರಲಿ?"

ನನಗೆ ಸಂಕಟವಾಯಿತು. ಉಪಾಧ್ಯರಿಗೂ ಆಗಿರಬೇಕು, ಏಕೆಂದರೆ ತಮ್ಮನೊಡನೆ ಮಾತು ಬಿಟ್ಟಿದ್ದರೂ ಪಕ್ಕದ ಹೋಟೆಲಿನಿಂದಲೇ ಚಹಾ ತರಿಸಿದರು.

ಮೆಷಿನ್ನಿನ ಸ್ಪೀಡು ಹೆಚ್ಚಾದರೆ ದನಿ ತೆಳುವಾಗಿ ಮೇಲೇರುತ್ತದೆ ಎಂಬುದು ನಮಗೂ ಗೊತ್ತಿತ್ತು. ಆದರೆ ನಮ್ಮ ಮೆಷಿನ್ನಿನಲ್ಲಿ ಬೇರೆ ಗಿರಾಕಿಗಳ ಸ್ಪೂಲುಗಳೆಲ್ಲ ಸರಿಯಾಗಿ ಓಡುತ್ತಿದ್ದವು. ಇದೊಂದು ಯಾಕೆ ತಪ್ಪಿತು? ಸ್ಟೇಷನ್ ಬಳಿಯ ರೇಡಿಯೋ ರಿಪೇರಿಯವನನ್ನು ಕೇಳಿದೆ. ಅವನು ತಲೆ ಕೆರೆದುಕೊಂಡು, "ತುಂಬಿಸಿದ ಮೆಷಿನ್ ಯಾವುದು ನೋಡದೆ ಏನು ಹೇಳಲಿ?" ಎಂದ. ಅದು ನ್ಯಾಯವಾದ ಮಾತು. ಮುಂದಿನ ರಜೆಯ ದಿನ ನಾನು, ತುಂಗಕ್ಕ ಸ್ಪೂಲು ಹಿಡಿದುಕೊಂಡು ಠಾಣೆಗೆ ಹೋದೆವು, ಜೊತೆಗೆ ಅಂಗಡಿಯ ಕ್ಯಾಸೆಟ್ ಮೆಷಿನ್ನನ್ನೂ ಒಯ್ದೆವು. ವಕೀಲರ ಸೊಸೆ ಆ ಹಳೆಯ ಸ್ಪೂಲ್ ಮೆಷಿನ್ನನ್ನು ಇನ್ನೂ ಮಾರಿರಲಿಲ್ಲ, ಕೊಳ್ಳುವವರು ಸಿಕ್ಕಿರಲಿಲ್ಲ ಅಷ್ಟೇ.

ಪೆಟಾರಿಯಷ್ಟು ದೊಡ್ಡ ಮೆಷಿನ್ನು. ಮಾವನವರ ತಮ್ಮ ಅಮೆರಿಕದಿಂದ ಕಳಿಸಿದ್ದಂತೆ. ಜೊತೆಗೆ ಕಬ್ಬಿಣದ ಇಟ್ಟಿಗೆಯಂತಹ ಟ್ರಾನ್ಸ್‌ಫಾರ್ಮರ್. ಸ್ವಿಚ್ ಹಾಕಿ, ಒಳಗಿನ ವಾಲ್ವುಗಳು ಬಿಸಿಯಾಗುವವರೆಗೆ ಕಾದೆವು. ಸುಟ್ಟ ಧೂಳಿನ ವಾಸನೆ ಬಂತು. ಆಮೇಲೆ ಸ್ಪೂಲು ತಿರುಗಿತು.

ನಾನು ಆ ಹಾಡನ್ನು ನೂರು ಸಲವಾದರೂ ತುಂಬಿಸಿದ್ದೆ. ಆದರೆ ಅಂದು ಕೇಳಿದ್ದು ನನಗೆ ಗೊತ್ತಿಲ್ಲದ ಹಾಡು. ಗುಡುಗಿನಷ್ಟು ದೊಡ್ಡದಲ್ಲ, ಗಂಡಸಿನ ದನಿಯೂ ಅಲ್ಲ. ಆಳವಾದ, ಅವಸರವಿಲ್ಲದ, ತುಂಬಿದ ಕೊಡದಂತಹ ದನಿ. ಪಟಪಟನೆ ಉದುರುತ್ತಿದ್ದ ತಾನಗಳು ಇಲ್ಲಿ ಒಂದೊಂದು ಸ್ವರವನ್ನೂ ಮುಟ್ಟಿ ಮುಟ್ಟಿ ಇಳಿಯುತ್ತಿದ್ದವು. ಇಷ್ಟು ದಿನ ನಾವೆಲ್ಲ ಮರುಳಾಗಿದ್ದ ಚುರುಕು ಹಾಡಿದವಳದ್ದಲ್ಲ, ಮೋಟರಿನದ್ದು.

ತುಂಗಕ್ಕ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಕುಳಿತಿದ್ದರು. ಹಾಡು ಮುಗಿದ ಮೇಲೆ, "ಇಷ್ಟು ಛಲೋ ಇತ್ತೇನವಾ?" ಎಂದು ನನ್ನನ್ನೇ ಕೇಳಿದರು. "ಎಲ್ಲಾರೂ ಕೆಟ್ಟದಂದ್ರು. ನಾನೂ ಕೆಟ್ಟದ ಇರಬೇಕು ಅಂದ್ಕೊಂಡೆ." ನನಗೆ ಕಣ್ಣೀರು ಬಂತು. ಇಷ್ಟು ವರ್ಷಗಳ ಕೆಲಸದಲ್ಲಿ ಹಾಡು ಕೇಳಿ ನಾನು ಅತ್ತದ್ದು ಅದೊಂದೇ ಸಲ.

ಕಾರಣವನ್ನು ರಿಪೇರಿಯವನು ಆಮೇಲೆ ಬಿಡಿಸಿ ಹೇಳಿದ. ಅಮೆರಿಕದ ಕರೆಂಟು ಬಡಿದುಕೊಳ್ಳುವುದು ಸೆಕೆಂಡಿಗೆ ಅರವತ್ತು ಸಲ, ನಮ್ಮದು ಐವತ್ತು ಸಲ. ಟ್ರಾನ್ಸ್‌ಫಾರ್ಮರ್ ಹಾಕಿದರೆ ಕರೆಂಟಿನ ಜೋರು ತಗ್ಗುತ್ತದೆ, ಈ ಬಡಿತ ಬದಲಾಗುವುದಿಲ್ಲ. ಹಾಗಾಗಿ ಆ ಮೋಟರು ನಮ್ಮ ಊರಿನಲ್ಲಿ ನಿಧಾನವಾಗಿ ತಿರುಗುತ್ತದೆ. ನಿಧಾನಕ್ಕೆ ತುಂಬಿಸಿದ್ದನ್ನು ಅದೇ ಮೆಷಿನ್ನಿನಲ್ಲಿ ಹಾಕಿದರೆ ಸರಿಯಾಗಿಯೇ ಕೇಳುತ್ತದೆ, ಬೇರೆ ಮೆಷಿನ್ನಿನಲ್ಲಿ ಓಟ ಕೀಳುತ್ತದೆ. ಮಕ್ಕಳೇ, ನಿಮ್ಮಲ್ಲಿಗೆ ಮನೆಯಲ್ಲಿ ತುಂಬಿಸಿದ ಟೇಪು ಬಂದರೆ ಹಾಡಿದ್ದು ಯಾರು ಎಂದು ಕೇಳುವ ಮೊದಲು ಯಾವ ಮೆಷಿನ್ನಿನಲ್ಲಿ ತುಂಬಿಸಿದ್ದು ಎಂದು ಕೇಳಿ.

ಅಲ್ಲೇ ಠಾಣೆಯಲ್ಲಿ ಆ ಮೆಷಿನ್ನಿನಿಂದ ಸರಿಯಾದ ಕ್ಯಾಸೆಟ್ಟು ತುಂಬಿಸಿಕೊಂಡು ಬಂದೆ. ಒಂದು ನಿಮ್ಮ ಮನೆಗೆ ಒಯ್ಯಿರಿ ಎಂದರೆ ತುಂಗಕ್ಕ ಒಪ್ಪಲಿಲ್ಲ. "ನಾ ಒಯ್ದು ಕೊಟ್ರ, ಅಜ್ಜಿ ಏನೋ ಒಂದು ತಂದಾಳ ಅಂತಾರ. ಅಂಗಡಿಯಿಂದ ಬರಲಿ. ಹೆಸರು ಹಾಕಿ ಆಕಿ ಸರ್ ಕೈಗೆ ಹೋಗಲಿ. ಆತ ಕೇಳಿ, ಬಿಳಿ ನಾಕರಿಂದ ಹಾಡವ್ವಾ ಅಂದ್ರ ಆತು. ಸರ್ ಮಾತಂದ್ರ ಹುಡುಗಿಗೆ ದೇವರ ಮಾತು."

ಉಪಾಧ್ಯರು ತುಂಗಕ್ಕನ ಹೆಸರು ಅಚ್ಚು ಹಾಕಿಸಿದರು. ನಾನೇ ಹಟ ಹಿಡಿದು ಮೊದಲ ಕ್ಯಾಸೆಟ್ಟನ್ನು ಮಂಜೂಷಾಳ ಮೇಷ್ಟ್ರಿಗೆ ಕಳಿಸಿದೆ, ಇನ್ನೊಂದನ್ನು ಪ್ರಧಾನ್ ಸಾಹೇಬರಿಗೆ ಕೊಟ್ಟೆ. ಠಾಣೆಯ ಹುಡುಗಿಯ ಕ್ಯಾಸೆಟ್ಟು ಕೇಳಿ ಬಂದವರಿಗೆಲ್ಲ, ಇದೇ ಸರಿಯಾದದ್ದು ಎಂದು ವಿವರಿಸಿ ಕೊಟ್ಟೆ.

ಒಂದು ವಾರಕ್ಕೆ ಶುರುವಾಯಿತು. ಕ್ಯಾಸೆಟ್ಟುಗಳು ಒಂದೊಂದಾಗಿ ವಾಪಸು ಬಂದವು. ಟೇಪು ಸಿಕ್ಕಿಕೊಳ್ಳುತ್ತಿದೆ ಎಂದರು ಕೆಲವರು. ತಪ್ಪು ಕ್ಯಾಸೆಟ್ಟು ಕೊಟ್ಟಿದ್ದೀರಿ, ನಮಗೆ ಬೇಕಾದದ್ದು ಹುಡುಗಿಯದು, ಇದು ಯಾರೋ ಮುದುಕಿ ಎಂದರು ಇನ್ನು ಕೆಲವರು. ವಿವರಿಸಿ ವಿವರಿಸಿ ನನ್ನ ಬಾಯಿ ಬತ್ತಿಹೋಯಿತು. ಪ್ರಧಾನ್ ಸಾಹೇಬರು ಪೂರ್ತಿ ಕೇಳಿದ್ದರು. ಅದಕ್ಕೆ ಮೆಚ್ಚಬೇಕು. "ಸರಿಯಾದದ್ದು ಇದೇ, ಒಪ್ಪುತ್ತೇನೆ" ಎಂದರು. "ಆದರೆ ಏನು ಮಾಡಲಿ ಸುಮಿತ್ರಾಬಾಯಿ, ಊರೆಲ್ಲ ಹೊಗಳಿದರೂ ನನ್ನ ಮನಸ್ಸು ಆ ಹುಡುಗಿಯ ಮೇಲೇ ಇದೆ." ಅವರು ಇದನ್ನು ನಾಚಿಕೆಯಿಂದಲೇ ಹೇಳಿದರು.

ಕೊನೆಗೆ ಮೇಷ್ಟ್ರ ಕ್ಯಾಸೆಟ್ಟೂ ಬಂತು. ಅವರ ಇನ್ನೊಬ್ಬ ಶಿಷ್ಯೆ ತಂದು ಗಲ್ಲಾದ ಮೇಲೆ ಇಟ್ಟು ಹೇಳಿದಳು: "ಸರ್ ಮ್ಹಣಾಲೇ, ತುಮಚ್ಯಾ ಮಶೀನಚೀ ಬ್ಯಾಟರೀ ವೀಕ್ ಝಾಲೀ ಆಹೇ." ನಿಮ್ಮ ಮೆಷಿನ್ನಿನ ಬ್ಯಾಟರಿ ವೀಕ್ ಆಗಿ ಟೇಪು ನಿಧಾನವಾಗಿ ಓಡಿದೆ, ದನಿ ದಪ್ಪಗಾಗಿದೆ, ಕ್ಯಾಸೆಟ್ಟು ಬದಲಾಯಿಸಿಕೊಡಿ ಎಂದು. ನಮ್ಮ ಮೆಷಿನ್ನಿಗೆ ಬ್ಯಾಟರಿಯೇ ಇರಲಿಲ್ಲ.

"ಬಿಡು ಮಾರಾಯ್ತಿ" ಎಂದರು ಉಪಾಧ್ಯರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಜನಕ್ಕೆ ಬೇಕಾದ್ದು ಕೊಡುವ. ಎಷ್ಟು ಜನರ ಹತ್ರ ಜಗಳ ಮಾಡ್ಲಿಕ್ಕೆ ಆಗ್ತದೆ? ಆ ಅಮ್ಮನಿಗೆ ನೀನೇ ಹೋಗಿ ಹೇಳಿ ಬಾ. ನನ್ನಿಂದ ಆಗುದಿಲ್ಲ."

ನನ್ನಿಂದ ಆಗುತ್ತದೆಯೇ ಎಂದು ಅವರು ಕೇಳಲಿಲ್ಲ. ಭಾನುವಾರ ಮೇಷ್ಟ್ರು ವಾಪಸು ಕಳಿಸಿದ ಕ್ಯಾಸೆಟ್ಟನ್ನೇ ಚೀಲದಲ್ಲಿ ಹಾಕಿಕೊಂಡು ಕಲ್ಯಾಣಕ್ಕೆ ಹೊರಟೆ. ವಾರದ ಒಂದು ರಜೆ, ಮನೆಯಲ್ಲಿ ಒಗೆಯುವ ಬಟ್ಟೆ ರಾಶಿ ಬಿದ್ದಿತ್ತು. ದಾರಿಯುದ್ದಕ್ಕೂ ಈ ಕೆಲಸ ಬಿಟ್ಟುಬಿಡಬೇಕು ಎಂದುಕೊಂಡೆ. ಯಾರದೋ ಹಾಡು, ಯಾರದೋ ಕಿವಿ, ನಡುವೆ ಸಾಯುವವಳು ನಾನು.

ತುಂಗಕ್ಕನ ಮಗನ ಮನೆ ಸ್ಟೇಷನ್ನಿನಿಂದ ದೂರವಿರಲಿಲ್ಲ, ಒಂದು ಕೋಣೆ, ಒಂದು ಅಡುಗೆಮನೆ. ಮಗ ಸೊಸೆ ಹೊರಗೆ ಹೋಗಿದ್ದರು. ಮಂಜೂಷಾ ಬಾಗಿಲು ತೆರೆದಳು. ಕಾಲೇಜು ಹುಡುಗಿ, ಕೊರಳಿಗೆ ಬಿಸಿಲಿನಲ್ಲೂ ಮಫ್ಲರ್ ಸುತ್ತಿಕೊಂಡಿದ್ದಳು. ಕಟ್ಟಿದ ದನಿಯಲ್ಲಿ ಮರಾಠಿಯಲ್ಲೇ "ಬಸಾ", ಕುಳಿತುಕೊಳ್ಳಿ, ಎಂದು ಹೇಳಿ, ನಾನು ಯಾರೆಂದೂ ಕೇಳದೆ ಚಹಾ ಇಡಲು ಒಳಗೆ ಹೋದಳು.

ನಾನು ಕ್ಯಾಸೆಟ್ಟನ್ನು ತುಂಗಕ್ಕನ ಕೈಗೆ ಕೊಟ್ಟು, ಸುತ್ತು ಬಳಸದೆ ಹೇಳಿದೆ. "ತುಂಗಕ್ಕಾ, ಸರ್ ವಾಪಸ್ ಕಳಿಸ್ಯಾರ. ಬ್ಯಾಟರಿ ವೀಕ್ ಅಂದ್ರಂತ. ಯಾರಿಗೂ ಬ್ಯಾಡಾಗೇದ. ಅಂಗಡ್ಯಾಗ ಇನ್ನ ಮತ್ತ ಮೊದಲಿಂದೇ ಮಾರ್ತಾರ."

ಅವರು ಕ್ಯಾಸೆಟ್ಟಿನ ಮೇಲೆ ಅಚ್ಚಾದ ತಮ್ಮ ಹೆಸರಿನ ಮೇಲೆ ಹೆಬ್ಬೆರಳು ಆಡಿಸಿದರು. "ಆತು" ಎಂದರು. "ಅವರದೇನು ತಪ್ಪಿಲ್ಲ. ಆಗೂ ಬ್ಯಾಡಾಗಿತ್ತು, ಈಗೂ ಬ್ಯಾಡ." ಆಮೇಲೆ, "ನೀವು ಇಲ್ಲೀತನಕ ಬಂದೀರಿ. ಒಂದ ಸಲ ಹಚ್ಚರಿ. ನಾನಽ ಕೇಳತೀನಿ" ಎಂದರು.

ಗೂಡಿನಲ್ಲಿ ಮಗನ ಟೇಪ್‌ರೆಕಾರ್ಡರ್ ಇತ್ತು. ಹಚ್ಚಿದೆ. ತಂಬೂರಿಯ ಹಿಂದೆ ಆ ಭಾರದ ದನಿ ಮೆಲ್ಲಗೆ ಕೋಣೆಯಲ್ಲಿ ತುಂಬಿತು.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಮಂಜೂಷಾ ಇಕ್ಕಳ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಮುಖ ಸಿಟ್ಟಿನಿಂದ, ನಾಚಿಕೆಯಿಂದ ಕೆಂಪಾಗಿತ್ತು. "ಆಜೀ! ಹೇ ಮಾಝಂ ಕಧೀ ರೆಕಾರ್ಡ್ ಕೇಲಂಸ್?"

ಅಜ್ಜಿ, ನಾನು ಹಾಡಿದ್ದನ್ನು ಯಾವಾಗ ರೆಕಾರ್ಡ್ ಮಾಡಿದೆ ಎಂದು ಕೇಳುತ್ತಿದ್ದಳು. ಯಾರೂ ಇಲ್ಲದಾಗ, ಸರ್‌ಗೆ ಗೊತ್ತಾಗದ ಹಾಗೆ, ಬಚ್ಚಲಲ್ಲಿ ತನ್ನಷ್ಟಕ್ಕೆ ಹಾಡಿಕೊಳ್ಳುವ ದನಿ ಅದು ಎಂದು ಆಮೇಲೆ ತಿಳಿಯಿತು. ಅದನ್ನು ಕದ್ದು ತುಂಬಿಸಿ, ಗೊತ್ತಿಲ್ಲದ ಹೆಂಗಸಿನ ಮುಂದೆ ಹಚ್ಚಿದ್ದಾರೆ ಎಂದು ಅವಳಿಗೆ ಅವಮಾನವಾಗಿತ್ತು.

ಹಾಡು ಮುಂದೆ ಹೋಯಿತು. ತಬಲಾದವನು ಹಾದಿ ತಪ್ಪಿದ, ಆ ದನಿ ನಿಂತು ಅವನನ್ನು ಕರೆದುಕೊಂಡಿತು, ಆಮೇಲೆ ಮೂರು ಸಪ್ತಕ ಸುತ್ತಿ ಬರುವ ಒಂದು ಉದ್ದನೆಯ ತಾನ ಬಂತು. ಅದು ಆ ಹುಡುಗಿಗೆ ಇನ್ನೂ ಬಾರದ ತಾನ. ಅವಳು ಮೆಷಿನ್ನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಇಕ್ಕಳ ನೆಲಕ್ಕೆ ಇಟ್ಟು ಅಲ್ಲೇ ಹೊಸ್ತಿಲ ಬಳಿ ಕುಳಿತುಬಿಟ್ಟಳು. ಒಳಗೆ ಚಹಾ ಉಕ್ಕಿ ಒಲೆಯ ಮೇಲೆ ಸುರಿಯಿತು, ಯಾರೂ ಏಳಲಿಲ್ಲ.

ಹಾಡು ಮುಗಿಯಿತು. ತುಂಗಕ್ಕ ಮೂಲೆಯಲ್ಲಿದ್ದ ಮೊಮ್ಮಗಳ ಹಾರ್ಮೋನಿಯಂ ಎಳೆದುಕೊಂಡು ಬಿಳಿ ನಾಲ್ಕನ್ನು ಒತ್ತಿ ಹಿಡಿದರು. "ಹಾಡು" ಎಂದರು.

ಮಂಜೂಷಾ ಕೊರಳಿನ ಮಫ್ಲರ್ ಬಿಚ್ಚಿ ಪಕ್ಕಕ್ಕೆ ಇಟ್ಟಳು, ಷಡ್ಜ ಹಿಡಿದಳು. ಆ ದನಿ ಎಲ್ಲಿಯೂ ಒಡೆಯಲಿಲ್ಲ.